ನೆಲಮಾಳಿಗೆಯಲ್ಲಿ ಹಲವು ಚೀನಾ

ಅಮೆರಿಕದ ಜನ ಚೀನೀ ಊಟವೆಂದು ನೂರು ವರ್ಷ ಚಪ್ಪರಿಸಿದ್ದು ಚೀನಾದ ಒಂದು ಮೂಲೆಯ ಊಟವನ್ನು. ಆ ಮೂಲೆಯ ಹೆಸರು ತೈಶಾನ್. ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಸಮುದ್ರಕ್ಕೆ ಹತ್ತಿರದಲ್ಲಿರುವ, ಹೊಲಗದ್ದೆ ಸಾಲದೆ ಜನ ಹಡಗು ಹತ್ತುತ್ತಿದ್ದ ಸೀಮೆ ಅದು. 19ನೇ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಕೇಳಿ ಹೊರಟವರು, ಆಮೇಲೆ ಅಲ್ಲಿ ರೈಲುಹಳಿ ಹಾಸಿದವರು, ಬಟ್ಟೆ ಒಗೆಯುವ ಅಂಗಡಿ ಇಟ್ಟವರು, ಕೊನೆಗೆ ಹೋಟೆಲು ತೆರೆದವರು ಬಹುಪಾಲು ಈ ಸೀಮೆಯವರು, ಇಲ್ಲವೇ ಅದರ ಅಕ್ಕಪಕ್ಕದ ಜಿಲ್ಲೆಗಳವರು. ಉಳಿದ ಚೀನಾ, ಅಂದರೆ ಗೋಧಿ ತಿನ್ನುವ ಉತ್ತರ, ಖಾರ ತಿನ್ನುವ ಸಿಚುವಾನ್, ಕುರಿಮಾಂಸಕ್ಕೆ ಜೀರಿಗೆ ಹಾಕುವ ವಾಯವ್ಯ, ಅಮೆರಿಕದ ತಟ್ಟೆಗೆ ಇಳಿದದ್ದು ತೀರ ಈಚೆಗೆ. ಇಳಿದದ್ದೂ ದೊಡ್ಡ ಹೋಟೆಲುಗಳ ಮೂಲಕವಲ್ಲ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಫ್ಲಶಿಂಗ್ ಎಂಬ ಪೇಟೆಯಿದೆ. ಅಲ್ಲಿಯ ಅಂಗಡಿ ಕಟ್ಟಡಗಳ ನೆಲಮಾಳಿಗೆಯ ಫುಡ್ ಕೋರ್ಟ್‌ಗಳಲ್ಲಿ ಈ ಕತೆಯ ಬಹುಭಾಗ ನಡೆಯಿತು.

ಹೀಗೇಕಾಯಿತು ಎಂಬುದಕ್ಕೆ ಉತ್ತರ ಅಡುಗೆ ಪುಸ್ತಕದಲ್ಲಿಲ್ಲ, ವಲಸೆ ಕಾನೂನಿನಲ್ಲಿದೆ.

1882ರಲ್ಲಿ ಅಮೆರಿಕ ಚೀನೀ ಕೂಲಿಗಳು ದೇಶದೊಳಗೆ ಕಾಲಿಡದಂತೆ ಕಾನೂನು ಮಾಡಿತು. ಒಂದು ಜನಾಂಗದ ಹೆಸರು ಹಿಡಿದು ಬಾಗಿಲು ಮುಚ್ಚಿದ ಈ ಕಾನೂನು 1943ರವರೆಗೆ ಜಾರಿಯಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಚೀನಾ ಮಿತ್ರದೇಶವಾದ ಮೇಲೆ ಮುಖ ಉಳಿಸಿಕೊಳ್ಳಲು ಅದನ್ನು ರದ್ದು ಮಾಡಿದರೂ, ಬದಲಿಗೆ ಕೊಟ್ಟ ಅವಕಾಶ ವರ್ಷಕ್ಕೆ 105 ಜನರಿಗೆ ಮಾತ್ರ. ಆದರೆ ಕೂಲಿಗಳನ್ನು ತಡೆದ ಕಾನೂನು ವ್ಯಾಪಾರಿಗಳನ್ನು ತಡೆದಿರಲಿಲ್ಲ. ವ್ಯಾಪಾರಿ ಎನಿಸಿಕೊಂಡವನು ಊರಿಗೆ ಹೋಗಿ ಬರಬಹುದಿತ್ತು, ಮನೆಯವರನ್ನು ಕರೆತರಬಹುದಿತ್ತು. 1915ರಲ್ಲಿ ನ್ಯಾಯಾಲಯವೊಂದರ ತೀರ್ಪಿನಿಂದ ಹೋಟೆಲು ನಡೆಸುವುದೂ ಈ ವ್ಯಾಪಾರದ ಪಟ್ಟಿಗೆ ಸೇರಿತು. ಷರತ್ತುಗಳಿದ್ದವು: ಹೋಟೆಲು ಉತ್ತಮ ದರ್ಜೆಯದಾಗಿರಬೇಕು, ಮಾಲೀಕ ಅದರಲ್ಲಿ ಬಂಡವಾಳ ಹೂಡಿರಬೇಕು, ಒಂದು ವರ್ಷ ಮೇಲ್ವಿಚಾರಣೆಯನ್ನಷ್ಟೇ ನೋಡಿಕೊಂಡು ತಟ್ಟೆ ತೊಳೆಯುವ, ಬಡಿಸುವ ಕೆಲಸಕ್ಕೆ ಕೈ ಹಾಕಿರಬಾರದು.

ಷರತ್ತು ಇದ್ದ ಕಡೆ ಉಪಾಯವೂ ಹುಟ್ಟುತ್ತದೆ. ಸಂಬಂಧಿಕರು, ಊರಿನವರು ಒಟ್ಟು ಸೇರಿ ಪಾಲು ಹಣ ಹಾಕಿ ಒಂದು ಹೋಟೆಲು ತೆರೆಯುವುದು. ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಮ್ಯಾನೇಜರ್ ಆಗುವುದು. ಆ ವರ್ಷ ಕೈಗೆ ಮಸಿ ಹತ್ತಿಸಿಕೊಳ್ಳದೆ ವ್ಯಾಪಾರಿ ಕಾಗದ ಮಾಡಿಸಿಕೊಂಡು ಊರಿಗೆ ಹೋಗಿ ಬರುವುದು. 1910ರಿಂದ 1920ರ ನಡುವೆ ನ್ಯೂಯಾರ್ಕಿನ ಚೀನೀ ಹೋಟೆಲುಗಳ ಸಂಖ್ಯೆ ನಾಲ್ಕು ಪಟ್ಟು ಏರಿದ್ದಕ್ಕೆ ಅಮೆರಿಕನ್ನರ ನಾಲಿಗೆ ಚಪಲ ಎಷ್ಟು ಕಾರಣವೋ ಈ ಕಾಗದವೂ ಅಷ್ಟೇ ಕಾರಣ. ಮ್ಯಾನ್‌ಹ್ಯಾಟನ್‌ನ ಮಾಟ್ ಸ್ಟ್ರೀಟ್, ಪೆಲ್ ಸ್ಟ್ರೀಟ್ ಸುತ್ತಿನ ಚೈನಾಟೌನ್ ತುಂಬ ಇದ್ದವರು ಒಂದೇ ಸೀಮೆಯವರು. ಆದ್ದರಿಂದ ಹೋಟೆಲುಗಳೂ ಒಂದೇ ಸೀಮೆಯವು.

ಅವರು ಮಾರಿದ್ದು ಮುಖ್ಯವಾಗಿ ಚಾಪ್ ಸೂಯ್. ಮಾಂಸ, ಮೊಳಕೆಕಾಳು, ತರಕಾರಿ ಎಲ್ಲವನ್ನೂ ಹೆಚ್ಚಿ ಹುರಿದು ಗಟ್ಟಿ ಸಾರಿನಲ್ಲಿ ಬೆರೆಸಿದ ಪದಾರ್ಥ. 1896ರಲ್ಲಿ ಚೀನಾದ ರಾಜನೀತಿಜ್ಞ ಲೀ ಹಾಂಗ್‌ಜಾಂಗ್ ನ್ಯೂಯಾರ್ಕಿಗೆ ಬಂದಾಗ ಅವರ ಅಡುಗೆಯವನು ಇದನ್ನು ಕಂಡುಹಿಡಿದನೆಂಬ ಕತೆ ಬಹಳ ದಿನ ಓಡಾಡಿತು. ಕತೆ ಸುಳ್ಳು, ಅದಕ್ಕೂ ಮೊದಲೇ, 1880ರ ದಶಕದಲ್ಲೇ, ವಾಂಗ್ ಚಿನ್ ಫೂ ಎಂಬ ಚೀನೀ ಪತ್ರಕರ್ತ ನ್ಯೂಯಾರ್ಕಿನ ಚಾಪ್ ಸೂಯ್ ಬಗ್ಗೆ ಬರೆದಿದ್ದರು. ಆದರೆ ಲೀ ಬಂದುಹೋದ ಗದ್ದಲದಲ್ಲಿ ಅದು ಫ್ಯಾಷನ್ ಆದದ್ದಂತೂ ನಿಜ.

1965ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಲಸೆ ಕಾಯ್ದೆ ಜನಾಂಗದ ಲೆಕ್ಕ ಬಿಟ್ಟು, ಏಷ್ಯಾ ಯುರೋಪುಗಳ ಯಾವುದೇ ದೇಶಕ್ಕೂ ವರ್ಷಕ್ಕೆ 20,000 ವೀಸಾಗಳ ಮಿತಿ ಇಟ್ಟಿತು. ಓದಿದವರಿಗೂ, ಹತ್ತಿರದ ಸಂಬಂಧಿಗಳಿಗೂ ಆದ್ಯತೆ. ಕರ್ನಾಟಕದ ಡಾಕ್ಟರು, ಎಂಜಿನಿಯರುಗಳು ಅಮೆರಿಕ ಸೇರತೊಡಗಿದ್ದೂ ಇದೇ ಕಾಯ್ದೆ ತೆರೆದ ಬಾಗಿಲಿನಿಂದ. ಚೀನೀಯರ ಪಾಲಿಗೆ ಒಂದು ತೊಡಕಿತ್ತು. ಮಾವೋ ಕಾಲದ ಚೀನಾದಿಂದ ಯಾರೂ ಹೊರಬರುವಂತಿರಲಿಲ್ಲ. ಹಾಗಾಗಿ ಮೊದಲು ಬಂದವರು ಹಾಂಗ್‌ಕಾಂಗಿನವರು, ತೈವಾನಿನವರು. ಹಾಂಗ್‌ಕಾಂಗಿನವರಿಗೆ ಮ್ಯಾನ್‌ಹ್ಯಾಟನ್‌ನ ಚೈನಾಟೌನ್ ಅಪರಿಚಿತವೇನಲ್ಲ, ಅಲ್ಲಿನ ಕ್ಯಾಂಟನೀಸ್ ಅವರ ಮನೆಮಾತು. ತೈವಾನಿನವರಿಗೆ ಮಾತ್ರ ಅಲ್ಲಿ ಚೀನೀಯರ ನಡುವೆ ಇದ್ದೂ ಪರದೇಶಿಯ ಪಾಡು. ಅವರು ಆಡುತ್ತಿದ್ದದ್ದು ಮ್ಯಾಂಡರಿನ್. ಓದಿದವರು, ಕೈಯಲ್ಲಿ ಸ್ವಲ್ಪ ಹಣವಿದ್ದವರು. ಬೇರೆ ಜಾಗ ಹುಡುಕಿದರು. ಸಬ್‌ವೇ ರೈಲಿನ 7ನೇ ಮಾರ್ಗ ಎಲ್ಲಿ ಮುಗಿಯುತ್ತದೋ ಅಲ್ಲಿ ಅದು ಸಿಕ್ಕಿತು.

ಫ್ಲಶಿಂಗ್ ಹಳೆಯ ಊರು. 1645ರಲ್ಲಿ ಡಚ್ಚರ ಆಳ್ವಿಕೆಯಲ್ಲಿ ಸನ್ನದು ಪಡೆದದ್ದು. ಕ್ವೇಕರ್ ಪಂಥದವರನ್ನು ಪೀಡಿಸಬಾರದೆಂದು ಅಲ್ಲಿಯ ಮೂವತ್ತು ಮಂದಿ 1657ರಲ್ಲಿ ಡಚ್ ಗವರ್ನರನಿಗೆ ಬರೆದ ಮನವಿ ಅಮೆರಿಕದ ಧರ್ಮ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಮೇನ್ ಸ್ಟ್ರೀಟಿಗೆ ಸಬ್‌ವೇ ಬಂದದ್ದು 1928ರಲ್ಲಿ. ಪಕ್ಕದ ಮೈದಾನದಲ್ಲಿ 1939ರಲ್ಲಿ ಒಮ್ಮೆ, 1964ರಲ್ಲಿ ಮತ್ತೊಮ್ಮೆ ವಿಶ್ವ ಮೇಳ ನಡೆಯಿತು; ನಡುವೆ, 1946ರಿಂದ 1950ರವರೆಗೆ, ವಿಶ್ವಸಂಸ್ಥೆಯ ಮಹಾಸಭೆ ಸೇರುತ್ತಿದ್ದುದೂ ಅಲ್ಲೇ. ಇಷ್ಟೆಲ್ಲ ಕಂಡ ಊರು 1970ರ ದಶಕದಲ್ಲಿ ಸೊರಗಿತ್ತು. 1975ರ ಹೊತ್ತಿಗೆ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿನಲ್ಲಿತ್ತು. ಹಳೆಯ ಬಿಳಿಯ ಕುಟುಂಬಗಳು ಹೊರವಲಯಕ್ಕೆ ಹೋಗುತ್ತಿದ್ದವು, ಅಂಗಡಿಗಳು ಖಾಲಿ ಬೀಳುತ್ತಿದ್ದವು, ಬಾಡಿಗೆ ಇಳಿದಿತ್ತು. ತೈವಾನಿನವರು ಬಂದರು, ಕೊರಿಯಾದವರು ಬಂದರು, ಭಾರತದವರೂ ಬಂದರು. ಬೌನ್ ಸ್ಟ್ರೀಟಿನಲ್ಲಿ ಗಣಪತಿಯ ದೇವಸ್ಥಾನಕ್ಕೆ 1977ರ ಜುಲೈ 4ರಂದು ಪ್ರತಿಷ್ಠೆಯಾಯಿತು. ಆ ರಸ್ತೆಗೆ ಹೆಸರು ಕೊಟ್ಟ ಜಾನ್ ಬೌನ್ ತನ್ನ ಮನೆಯಲ್ಲಿ ಕ್ವೇಕರ್ ಪ್ರಾರ್ಥನೆಗೆ ಜಾಗ ಕೊಟ್ಟು ಗಡೀಪಾರಾದವನು.

ಬೀಜಿಂಗ್ ಸರ್ಕಾರವನ್ನು ಅಮೆರಿಕ 1979ರಲ್ಲಿ ಮಾನ್ಯ ಮಾಡಿದ ಮೇಲೆ ತೈವಾನಿಗೂ ಚೀನಾಕ್ಕೂ ಒಂದೇ ವೀಸಾ ಕೋಟಾ ಹಂಚಬೇಕಾದೀತೆಂಬ ಆತಂಕವಿತ್ತು. ತೈವಾನಿಗೆ ಬೇರೆಯದೇ 20,000ದ ಕೋಟಾ ಸಿಕ್ಕಿದ್ದರಿಂದ 1980ರ ದಶಕದಲ್ಲಿ ಅಲ್ಲಿಂದ ಬರುವವರು ಇನ್ನೂ ಹೆಚ್ಚಿದರು. ಜನ ಫ್ಲಶಿಂಗನ್ನು ‘ಪುಟ್ಟ ತೈಪೆ’ ಎಂದು ಕರೆದರು. ಇಲ್ಲೊಂದು ಸ್ವಾರಸ್ಯವಿದೆ. ತೈವಾನಿನ ಅಡುಗೆ ಬರೀ ದ್ವೀಪದ ಅಡುಗೆಯಲ್ಲ. 1949ರಲ್ಲಿ ಚಿಯಾಂಗ್ ಕೈ ಶೇಕ್‌ನ ಸೇನೆ ಸೋತು ದ್ವೀಪಕ್ಕೆ ಓಡಿಬಂದಾಗ ಚೀನಾದ ಎಲ್ಲ ಪ್ರಾಂತ್ಯಗಳ ಅಧಿಕಾರಿಗಳು, ಸಿಪಾಯಿಗಳು, ಬಾಣಸಿಗರು ಜೊತೆಗೆ ಬಂದಿದ್ದರು. ಅಮೆರಿಕದ ಚೀನೀ ಹೋಟೆಲುಗಳಲ್ಲಿ ತುಂಬ ಬಿಕರಿಯಾಗುವ ‘ಜನರಲ್ ತ್ಸೋ ಚಿಕನ್’ ಹಾಗೆ ಓಡಿಬಂದವರದೇ ಸೃಷ್ಟಿ. ಹುನಾನ್ ಪ್ರಾಂತ್ಯದ ಪೆಂಗ್ ಚಾಂಗ್ ಕುಯಿ ಅದನ್ನು 1950ರ ದಶಕದಲ್ಲಿ ತೈವಾನಿನಲ್ಲಿ ಮಾಡಿದರು, ಹುಳಿ ಖಾರವಾಗಿ. ನ್ಯೂಯಾರ್ಕಿನಲ್ಲಿ ಅದಕ್ಕೆ ಸಕ್ಕರೆ ಬಿತ್ತು. ಪೆಂಗ್ ತಾವೇ 1973ರಲ್ಲಿ ನ್ಯೂಯಾರ್ಕಿನಲ್ಲಿ ಹೋಟೆಲು ತೆರೆಯುವ ಹೊತ್ತಿಗೆ ಸಿಹಿ ಅವತಾರ ಆಗಲೇ ಬಂದಾಗಿತ್ತು. ತಮ್ಮ ಅಡುಗೆಯ ನಕಲು ತಮಗಿಂತ ಮುಂಚೆ ಮಾರುಕಟ್ಟೆ ಹಿಡಿದದ್ದನ್ನು ಅವರು ನೋಡಬೇಕಾಯಿತು.

1990ರ ದಶಕದಿಂದ ಲೆಕ್ಕ ಬದಲಾಯಿತು. ಚೀನಾದ ಬಾಗಿಲು ತೆರೆದಿತ್ತು, ಕಾರ್ಖಾನೆಗಳು ಮುಚ್ಚಿ ಕೆಲಸ ಕಳೆದುಕೊಂಡ ಈಶಾನ್ಯದವರು, ವೆನ್‌ಜೌನ ವ್ಯಾಪಾರಿಗಳು, ಸಿಚುವಾನ್, ಶಾಂಡಾಂಗ್, ಹೆನಾನ್, ಶಾಂಕ್ಷಿಯವರು ಫ್ಲಶಿಂಗಿಗೆ ಬಂದಿಳಿದರು. ಒಬ್ಬರ ಊರಿನ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಮ್ಯಾಂಡರಿನ್ ಎಲ್ಲರಿಗೂ ಬರುತ್ತಿತ್ತು. ತೈವಾನಿನವರು ಹಾಕಿಟ್ಟ ಮ್ಯಾಂಡರಿನ್ ಪೇಟೆ ಅವರಿಗೆ ಒದಗಿತು. ಹಳಬರಿಗೆ ಇದು ಹಿಡಿಸಲಿಲ್ಲ. ಆ ಭಾಗದ ನಗರಸಭಾ ಸದಸ್ಯೆ ಜೂಲಿಯಾ ಹ್ಯಾರಿಸನ್ 1996ರಲ್ಲಿ ಏಷ್ಯಾದವರ ಆಗಮನವನ್ನು ದಂಡಯಾತ್ರೆಗೆ ಹೋಲಿಸಿ ಮಾತಾಡಿ ದೊಡ್ಡ ಗಲಾಟೆಯಾಯಿತು. 2001ರಲ್ಲಿ ಅದೇ ಕ್ಷೇತ್ರದಿಂದ ತೈವಾನಿನಲ್ಲಿ ಹುಟ್ಟಿದ ಜಾನ್ ಲ್ಯೂ ಗೆದ್ದು, ನಗರಸಭೆಗೆ ಬಂದ ಮೊದಲ ಏಷ್ಯನ್ ಅಮೆರಿಕನ್ ಎನಿಸಿಕೊಂಡರು.

ಆ ಹೊತ್ತಿಗೆ ಮೇನ್ ಸ್ಟ್ರೀಟಿನ ಗೋಲ್ಡನ್ ಶಾಪಿಂಗ್ ಮಾಲ್ ಎಂಬ ಕಟ್ಟಡದ ನೆಲಮಾಳಿಗೆ ತುಂಬಿಕೊಂಡಿತ್ತು. ಹೆಸರಿನಲ್ಲಿ ಚಿನ್ನವಿದ್ದರೂ ಒಳಗೆ ಹೊಳೆಯುವಂಥದ್ದೇನೂ ಇರಲಿಲ್ಲ. ರಸ್ತೆಯಿಂದ ಕಡಿದಾದ ಮೆಟ್ಟಿಲಿಳಿದರೆ ತಗ್ಗಿನ ಚಾವಣಿ, ಅದರ ಕೆಳಗೆ ಹಾದುಹೋದ ಪೈಪುಗಳು, ಟ್ಯೂಬ್‌ಲೈಟಿನ ಬೆಳಕು, ಆವಿ. ಎರಡು ಪಕ್ಕದಲ್ಲೂ ಒತ್ತೊತ್ತಾಗಿ ಗೂಡಂಗಡಿಗಳು. ಮೆನು ಅಂದರೆ ಗೋಡೆಗೆ ಅಂಟಿಸಿದ ಬಣ್ಣದ ಕಾಗದ, ಅದರ ಮೇಲೆ ಚೀನೀ ಲಿಪಿ. ಇಂಗ್ಲಿಷ್ ಬೇಕಾದವರು ಪಕ್ಕದ ಗಿರಾಕಿಯ ಬಟ್ಟಲಿನತ್ತ ಬೆರಳು ತೋರಿಸಬೇಕು. ಕೂರಲು ಕಾಲುಮಣೆಗಿಂತ ಸ್ವಲ್ಪ ಎತ್ತರದ ಸ್ಟೂಲುಗಳು. ಊಟ ಮುಗಿದ ಮೇಲೂ ಕೂತಿದ್ದರೆ ಹಿಂದೆ ನಿಂತವರ ಉಸಿರು ಬೆನ್ನಿಗೆ ತಾಕುತ್ತಿತ್ತು.

ಇಂಥ ಜಾಗದಲ್ಲಿ ಒಂದು ಪ್ರಾಂತ್ಯದ ಅಡುಗೆ ಕೆಡದೆ ಉಳಿದದ್ದು ಯಾರ ಆದರ್ಶದಿಂದಲೂ ಅಲ್ಲ, ಲೆಕ್ಕಾಚಾರದಿಂದ. ರಸ್ತೆ ಮೇಲೆ ಹೋಟೆಲು ತೆರೆಯಲು ದೊಡ್ಡ ಮುಂಗಡ, ದೀರ್ಘ ಕರಾರು, ಬಡಿಸುವವರು, ಮೇಜು ಕುರ್ಚಿ, ಉದ್ದನೆಯ ಮೆನು ಎಲ್ಲ ಬೇಕು. ಅಷ್ಟು ಹಣ ಹಾಕಿದವನು ಬಂದವರನ್ನೆಲ್ಲ ಮೆಚ್ಚಿಸಲೇಬೇಕು. ಸಿಚುವಾನಿನ ಅಡುಗೆಯವನೂ ಜನರಲ್ ತ್ಸೋ ಚಿಕನ್ ಮಾಡಲೇಬೇಕು. ನೆಲಮಾಳಿಗೆಯ ಗೂಡಿಗೆ ಒಂದು ಒಲೆ, ಒಂದು ಹಲಗೆ, ಗಂಡ ಹೆಂಡತಿ ಇಬ್ಬರ ದುಡಿಮೆ ಸಾಕು. ಮೇಜುಗಳು ಎಲ್ಲ ಅಂಗಡಿಗಳಿಗೂ ಸಾಮಾನ್ಯ. ನಾಲ್ಕೈದು ಪದಾರ್ಥ ಮಾಡಿದರೂ ನಡೆಯುತ್ತದೆ, ಅದೇ ಊರಿನಿಂದ ಬಂದು ಒಂಟಿಯಾಗಿ ದುಡಿಯುತ್ತಿರುವ ಕೆಲವು ನೂರು ಜನ ವಾರಕ್ಕೆರಡು ಸಲ ಬಂದರೆ ಬಾಡಿಗೆ ಹುಟ್ಟುತ್ತದೆ. ಅವರು ಬರುವುದೇ ಊರಿನ ರುಚಿಗಾಗಿ. ಹಾಗಾಗಿ ಸಕ್ಕರೆ ಸುರಿಯುವ ಅಗತ್ಯವೇ ಬೀಳಲಿಲ್ಲ. ಕಾಲ ಕಾಲಕ್ಕೆ ಅಂಗಡಿಗಳು ಬದಲಾಗುತ್ತಿದ್ದವು. ಸೋತರೂ ಸಂಸಾರ ಮುಳುಗುವಷ್ಟು ನಷ್ಟವಿರಲಿಲ್ಲ.

ಒಂದು ಗೂಡಿನ ಕತೆ ಎಲ್ಲರಿಗೂ ಗೊತ್ತಾಯಿತು. ಶಾಂಕ್ಷಿ ಪ್ರಾಂತ್ಯದ ಷಿಯಾನ್ ನಗರದ ಡೇವಿಡ್ ಶಿ 1990ರ ದಶಕದಲ್ಲಿ ಅಮೆರಿಕಕ್ಕೆ ಬಂದವರು. ವರ್ಷಗಟ್ಟಲೆ ಹೆಂಡತಿ ಮಗನಿಂದ ದೂರವಿದ್ದು ಊರೂರಿನ ಚೀನೀ ಹೋಟೆಲುಗಳ ಅಡುಗೆಮನೆಗಳಲ್ಲಿ, ತಾವು ಊರಿನಲ್ಲಿ ಕಂಡರಿಯದ ಅಮೆರಿಕದ ಚೀನೀ ಅಡುಗೆ ಬೇಯಿಸಿದರು. 2005ರಲ್ಲಿ ಫ್ಲಶಿಂಗಿನಲ್ಲಿ ಬಬಲ್ ಟೀ ಅಂಗಡಿ ಇಟ್ಟರು. ಬಬಲ್ ಟೀ ತೈವಾನಿನದು. ಅದರ ಪಕ್ಕದಲ್ಲಿ ತಮ್ಮೂರಿನ ಲಿಯಾಂಗ್‌ಪಿಯನ್ನೂ ಮಾರತೊಡಗಿದರು. ಜನ ಚಹಾ ಬಿಟ್ಟು ಲಿಯಾಂಗ್‌ಪಿಗೆ ಬಂದರು. ಆಮೇಲೆ ಗೋಲ್ಡನ್ ಮಾಲಿನ ನೆಲಮಾಳಿಗೆಯಲ್ಲಿ ‘ಷಿಯಾನ್ ಫೇಮಸ್ ಫುಡ್ಸ್’ ಬೇರೂರಿತು.

ಲಿಯಾಂಗ್‌ಪಿ ಮಾಡುವ ಬಗೆ ಗೋಧಿ ಹಲ್ವ ಮಾಡಿದ ಕನ್ನಡದ ಮನೆಗಳಿಗೆ ತಟ್ಟನೆ ತಿಳಿದೀತು. ನಾವು ನೆನೆಸಿದ ಗೋಧಿಯನ್ನು ಅರೆದು ಹಾಲು ಹಿಂಡಿ ತಳದಲ್ಲಿ ಕೂತ ಗಟ್ಟಿಯನ್ನು ತೆಗೆದುಕೊಳ್ಳುವಂತೆ, ಅವರು ಗೋಧಿ ಹಿಟ್ಟು ಕಲಸಿ ಆ ಉಂಡೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯುತ್ತಾರೆ. ಬಿಳಿ ನೀರು ಒಂದು ಪಾತ್ರೆಗೆ. ಕೈಯಲ್ಲಿ ಉಳಿದ ಅಂಟಿನ ಮುದ್ದೆ ಇನ್ನೊಂದಕ್ಕೆ. ಬಿಳಿ ನೀರು ತಂಗಿದ ಮೇಲೆ ಮೇಲಿನ ತಿಳಿ ಚೆಲ್ಲಿ, ಉಳಿದದ್ದನ್ನು ತಟ್ಟೆಗೆ ತೆಳ್ಳಗೆ ಹೊಯ್ದು ಆವಿಯಲ್ಲಿ ಬೇಯಿಸಿ, ತಣಿದ ಮೇಲೆ ಪಟ್ಟಿಯಾಗಿ ಕೊಯ್ಯುತ್ತಾರೆ. ಅಂಟಿನ ಮುದ್ದೆಯೂ ಬೆಂದು ಸ್ಪಂಜಿನಂತಾಗಿ ಅದರ ಜೊತೆ ಸೇರುತ್ತದೆ. ಮೇಲೆ ವಿನೆಗರ್, ಮೆಣಸಿನೆಣ್ಣೆ, ಮೊಳಕೆಕಾಳು, ಸೌತೆಕಾಯಿ. ಬಿಸಿಯಿಲ್ಲ, ಮಾಂಸವಿಲ್ಲ, ಜೊತೆಗೆ ಅನ್ನವೂ ಇಲ್ಲ. ಚೀನೀ ಊಟವೆಂದರೆ ಅನ್ನದ ಮೇಲೆ ಗೊಜ್ಜು ಎಂದುಕೊಂಡಿದ್ದ ಅಮೆರಿಕದವರಿಗೆ ಇದು ಯಾವ ದೇಶದ್ದೆಂದೇ ತಿಳಿಯಲಿಲ್ಲ.

ಅದೇ ಅಂಗಡಿಯ ಜೀರಿಗೆ ಹಾಕಿದ ಕುರಿಮಾಂಸದ ಬರ್ಗರ್ ಇನ್ನೂ ಹೆಚ್ಚು ಗೊಂದಲ ಹುಟ್ಟಿಸಿತು. ಷಿಯಾನ್ ಎಂದರೆ ಹಳೆಯ ಚಾಂಗಾನ್, ತಾಂಗ್ ಅರಸರ ರಾಜಧಾನಿ, ರೇಷ್ಮೆ ದಾರಿಯ ಪೂರ್ವದ ತುದಿ. ಷ್ವಾನ್‌ಜಾಂಗ್, ಅಂದರೆ ನಮ್ಮ ಪಠ್ಯಪುಸ್ತಕಗಳ ಹ್ಯೂಯೆನ್‌ತ್ಸಾಂಗ್, ಭಾರತಕ್ಕೆ ಹೊರಟದ್ದು ಆ ಊರಿನಿಂದ, ಮರಳಿ ಬಂದು ಗ್ರಂಥಗಳನ್ನು ಅನುವಾದಿಸಿದ್ದೂ ಅಲ್ಲೇ. ಮಧ್ಯ ಏಷ್ಯಾದಿಂದ ಬಂದ ವ್ಯಾಪಾರಿಗಳು, ಶತಮಾನಗಳಿಂದ ಅಲ್ಲಿ ನೆಲೆಸಿದ ಹೂಯಿ ಮುಸ್ಲಿಮರು ಕುರಿಮಾಂಸ, ಜೀರಿಗೆ, ತಂದೂರಿನಂಥ ಒಲೆಯ ರೊಟ್ಟಿಗಳನ್ನು ಆ ಊರಿನ ದಿನನಿತ್ಯದ ತಿಂಡಿ ಮಾಡಿದರು. ಅದನ್ನೆಲ್ಲ ಹೇಳುವ ಫಲಕವೇನೂ ನೆಲಮಾಳಿಗೆಯಲ್ಲಿರಲಿಲ್ಲ. ಬೇಯುವ ಜೀರಿಗೆಯ ವಾಸನೆ ಇತ್ತು, ಸಾಕಾಯಿತು.

ಪಕ್ಕದಲ್ಲಿ ಲಾನ್‌ಜೌ ಶೈಲಿಯ ನೂಡಲ್ ಅಂಗಡಿ. ಕಲಸಿದ ಹಿಟ್ಟನ್ನು ಎರಡು ಕೈಯಲ್ಲಿ ಎಳೆದು, ಹಲಗೆಗೆ ಬಡಿದು, ಮಡಚಿ ಮತ್ತೆ ಎಳೆದು ಒಂದನ್ನು ಎರಡು, ಎರಡನ್ನು ನಾಲ್ಕು ಎಳೆ ಮಾಡುತ್ತ ಹೋಗುವುದು. ಆ ಬಡಿತದ ಸದ್ದು ಮೆಟ್ಟಿಲ ಮೇಲಿನವರೆಗೂ ಕೇಳುತ್ತಿತ್ತು. ತಿಯಾಂಜಿನ್ ಅಂಗಡಿಯಲ್ಲಿ ಕುರಿಮಾಂಸ ಮತ್ತು ಎಳೆ ಸೋರೆಯಂಥ ಕಾಯಿ ಸೇರಿಸಿದ ಡಂಪ್ಲಿಂಗ್. ಸಿಚುವಾನಿನ ಚೆಂಗ್ಡು ನಗರದ ಅಂಗಡಿಯಲ್ಲಿ ದಾನ್ ದಾನ್ ನೂಡಲ್, ಮಾಪೋ ತೋಫು.

ಈ ಚೆಂಗ್ಡು ಅಡುಗೆಗೂ ಒಂದು ಕಾನೂನು ಅಡ್ಡ ಬಂದಿತ್ತು. ಸಿಚುವಾನಿನ ಊಟದಲ್ಲಿ ನಾಲಿಗೆಯನ್ನು ಜುಮ್ಮೆನ್ನಿಸುವ ‘ಹೂವಾಜಿಯಾವ್’ ಎಂಬ ಕಾಯಿ ಮೆಣಸಿನ ಜಾತಿಯದಲ್ಲ, ನಿಂಬೆಯ ಕುಟುಂಬದ್ದು. ಅದರ ಜೊತೆ ಕಿತ್ತಳೆ ಗಿಡಗಳ ಕಜ್ಜಿರೋಗ ಬಂದು ಫ್ಲಾರಿಡಾ, ಕ್ಯಾಲಿಫೋರ್ನಿಯಾದ ತೋಟಗಳಿಗೆ ತಗಲೀತೆಂಬ ಭಯದಿಂದ ಅಮೆರಿಕ 1968ರಲ್ಲಿ ಅದರ ಆಮದು ನಿಷೇಧಿಸಿತು. ನಿಷೇಧವನ್ನು ಬಹಳ ವರ್ಷ ಯಾರೂ ಗಂಭೀರವಾಗಿ ಜಾರಿ ಮಾಡಲಿಲ್ಲ. 2002ರ ಸುಮಾರಿಗೆ ಬಿಗಿ ಮಾಡಿದರು. 2005ರಲ್ಲಿ, ರೋಗಾಣು ಸಾಯುವಷ್ಟು ಬಿಸಿ ಮಾಡಿ ತರಬಹುದೆಂದು ಬಿಟ್ಟುಕೊಟ್ಟರು. ಶಿ ಅವರು ಅಂಗಡಿ ಇಟ್ಟದ್ದೂ ಅದೇ ವರ್ಷ. ಕರಾವಳಿಯ ಓದುಗರಿಗೆ ಈ ಜುಮ್ಮು ಹೊಸದಲ್ಲ. ಪಶ್ಚಿಮ ಘಟ್ಟದ ಜುಮ್ಮನಕಾಯಿ, ಕೊಂಕಣಿ ಮನೆಗಳಲ್ಲಿ ಬಂಗಡೆಗೂ ಕೆಲವು ಸಾರುಗಳಿಗೂ ಹಾಕುವ ತೆಪ್ಪಲ್, ಅದೇ ಕುಲದ ಸಸ್ಯ.

ಹೊರಗಿನವರು ಈ ನೆಲಮಾಳಿಗೆಯನ್ನು ಕಂಡುಕೊಂಡದ್ದು ನಿಧಾನವಾಗಿ, ಆಮೇಲೆ ಒಮ್ಮೆಲೇ. 2008ರ ಬೇಸಿಗೆಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ಶುರುವಾಗುವ ಮುಂಚೆ ನ್ಯೂಯಾರ್ಕ್ ಟೈಮ್ಸ್ ಫ್ಲಶಿಂಗಿನ ಪ್ರಾದೇಶಿಕ ಚೀನೀ ಅಡುಗೆಗಳ ಬಗ್ಗೆ ದೊಡ್ಡ ಲೇಖನ ಹಾಕಿತು. ಬೀಜಿಂಗಿಗೆ ಟಿಕೆಟ್ ಇಲ್ಲದವರು 7ನೇ ರೈಲು ಹತ್ತಲಿ ಎಂಬ ಧಾಟಿ. ಟಿವಿಯಲ್ಲಿ ಊರೂರು ಸುತ್ತಿ ತಿನ್ನುತ್ತಿದ್ದ ಆಂಟನಿ ಬೋರ್ಡೇನ್ ಕೂಡ ಮೆಟ್ಟಿಲಿಳಿದು ಬಂದು ಕುರಿಮಾಂಸದ ಬರ್ಗರ್ ತಿಂದರು. ಆಮೇಲೆ ಸಾಲು ರಸ್ತೆಗೆ ಬಂತು. ಶಿ ಅವರ ಮಗ ಜೇಸನ್ ವಾಂಗ್ ಕಾಲೇಜು ಮುಗಿಸಿ 2009ರಲ್ಲಿ ಅಪ್ಪನ ಜೊತೆ ಸೇರಿದರು. ಪದಾರ್ಥಗಳಿಗೆ ಫೋಟೋ, ನಂಬರು, ಇಂಗ್ಲಿಷ್ ಹೆಸರು ಬಂದವು. ಮ್ಯಾನ್‌ಹ್ಯಾಟನ್‌ನಲ್ಲಿ ಶಾಖೆಗಳು ತೆರೆದವು. ರುಚಿಯನ್ನು ಮಾತ್ರ ತಗ್ಗಿಸಲಿಲ್ಲ. 2018ರ ಜೂನ್‌ನಲ್ಲಿ ಬೋರ್ಡೇನ್ ಆತ್ಮಹತ್ಯೆ ಮಾಡಿಕೊಂಡಾಗ ಅಂಗಡಿ ಒಂದು ದಿನದ ಮಾರಾಟದ ಹಣವನ್ನು ಆತ್ಮಹತ್ಯೆ ತಡೆಯುವ ಸಹಾಯವಾಣಿಗೆ ಕೊಟ್ಟಿತು. 2020ರಲ್ಲಿ ಮಗ ಅಡುಗೆ ಪುಸ್ತಕ ಬರೆದರು. ಅದರಲ್ಲಿ ಅಡುಗೆಯಷ್ಟೇ ಅಪ್ಪನ ಕತೆಯೂ ಇದೆ.

2010ರಿಂದ ನಗರದ ಆರೋಗ್ಯ ಇಲಾಖೆ ಎಲ್ಲ ತಿಂಡಿ ಅಂಗಡಿಗಳಿಗೂ ಎ, ಬಿ, ಸಿ ದರ್ಜೆಯ ಚೀಟಿ ಅಂಟಿಸತೊಡಗಿತು. ಎ ಇದ್ದ ಕಡೆಗೆ ಹೊರಗಿನವರು, ಸಾಲು ಇದ್ದ ಕಡೆಗೆ ಊರಿನವರು ಎಂಬ ತಮಾಷೆ ಶುರುವಾದರೆ ಆಶ್ಚರ್ಯವಿಲ್ಲ.

ಆ ಹೊತ್ತಿಗೆ ಹಣವಂತರಿಗೂ ಫುಡ್ ಕೋರ್ಟಿನ ಲಾಭ ಕಂಡಿತ್ತು. ರೂಸ್‌ವೆಲ್ಟ್ ಅವೆನ್ಯೂ ಮತ್ತು ಮೇನ್ ಸ್ಟ್ರೀಟ್ ಕೂಡುವಲ್ಲಿ ಕಾಲ್ಡರ್ ಎಂಬ ಅಗ್ಗದ ಸರಕಿನ ದೊಡ್ಡ ಅಂಗಡಿಯಿತ್ತು. ಆ ಕಂಪನಿ 1999ರಲ್ಲಿ ಬಾಗಿಲು ಹಾಕಿತು. 2011ರಲ್ಲಿ ಅದೇ ಕಟ್ಟಡದಲ್ಲಿ ನ್ಯೂ ವರ್ಲ್ಡ್ ಮಾಲ್ ಬಂತು. ಕೆಳಗೆ ಮೂವತ್ತು ಅಂಗಡಿಗಳ ಫುಡ್ ಕೋರ್ಟ್, ಅದರ ಮೇಲೆ ಏಷ್ಯನ್ ಸೂಪರ್ ಮಾರ್ಕೆಟ್. ಇಲ್ಲಿ ಚಾವಣಿ ಎತ್ತರ, ನೆಲ ಹೊಳೆಯುತ್ತದೆ, ಅಂಗಡಿಯ ಮೇಲೆ ದೀಪದ ಫಲಕ, ಊಟ ತಯಾರಾದರೆ ಕೂಗುವ ಬದಲು ಕೈಯಲ್ಲಿ ಕೊಟ್ಟ ಬಜರ್ ಅದುರುತ್ತದೆ. ಎಳೆದ ನೂಡಲ್, ಕತ್ತಿಯಿಂದ ಹೆರೆದು ನೇರ ಕುದಿಯುವ ನೀರಿಗೆ ಬೀಳಿಸುವ ಶಾನ್‌ಶಿ ಪ್ರಾಂತ್ಯದ (ಶಾಂಕ್ಷಿಯದಲ್ಲ) ನೂಡಲ್, ಬೇಕಾದ ಸೊಪ್ಪು, ಅಣಬೆ, ಮಾಂಸ ಆರಿಸಿ ತೂಕಕ್ಕೆ ಹಣ ಕೊಟ್ಟು ಖಾರವಾಗಿ ಹುರಿಸಿಕೊಳ್ಳುವ ‘ಮಾಲಾ ಷಿಯಾಂಗ್‌ಗುವೋ’, ತೈವಾನಿನ ಹಿಮದಂತೆ ಹೆರೆದ ಐಸು, ಕೊರಿಯನ್, ಥಾಯ್ ಎಲ್ಲ ಒಂದೇ ಕೋಣೆಯಲ್ಲಿ. ಶನಿವಾರ ಮಧ್ಯಾಹ್ನ ಅಜ್ಜಿ ಒಂದು ಮೇಜು ಹಿಡಿದು ಬ್ಯಾಗು ಹರಡಿ ಕೂರುತ್ತಾಳೆ, ಮಗ ಸೊಸೆ ಮೊಮ್ಮಕ್ಕಳು ನಾಲ್ಕು ಅಂಗಡಿಗೆ ನಾಲ್ಕು ದಿಕ್ಕಿನಲ್ಲಿ ಓಡುತ್ತಾರೆ. ಅಜ್ಜಿ ತಿನ್ನುವುದು ಊರಿನದು. ಮೊಮ್ಮಕ್ಕಳು ತಿನ್ನುವುದು ಯಾವ ಊರಿನದಾದರೂ ಆದೀತು. ಒಂದೇ ಪ್ರಾಂತ್ಯದ ಗಿರಾಕಿಯನ್ನು ನಂಬಿ ಅಂಗಡಿ ಇಡುವ ಕಾಲ ಇಲ್ಲಿಗೆ ಮುಗಿಯುತ್ತ ಬಂತು.

ಕರ್ನಾಟಕದಲ್ಲಿ ಚೈನೀಸ್ ಎಂದರೆ ಗೋಬಿ ಮಂಚೂರಿ. ಅದಕ್ಕೂ ಇಂಥದ್ದೇ ವಂಶಾವಳಿಯಿದೆ. ಚೀನಾದ ಹಕ್ಕಾ ಜನ ಕೋಲ್ಕತ್ತದಲ್ಲಿ ಚರ್ಮ ಹದಮಾಡುವ ಕಸುಬು ಹಿಡಿದು ತಂಗ್ರಾದಲ್ಲಿ ನೆಲೆಸಿ, ಕ್ರಮೇಣ ಹೋಟೆಲಿಗಿಳಿದರು. ಕೋಲ್ಕತ್ತದಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಬೆರೆಸಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಹೆಚ್ಚಿನವರು ಒಪ್ಪುವ ಕತೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ನಮ್ಮ ತಳ್ಳುಗಾಡಿಗಳನ್ನು ಆಳಿತು. ಎಷ್ಟು ಆಳಿತೆಂದರೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ಕೋಲ್ಕತ್ತದ ಚೀನೀಯರಲ್ಲಿ ಹಲವರು ಮತ್ತೆ ವಲಸೆ ಹೋಗಿ ಟೊರಾಂಟೊ, ನ್ಯೂಯಾರ್ಕ್ ಸೇರಿದರು. ಕ್ವೀನ್ಸ್‌ನಲ್ಲಿ ಇಂದು ಈ ಇಂಡೋ ಚೈನೀಸ್ ಹೋಟೆಲುಗಳೂ ಇವೆ. ಫ್ಲಶಿಂಗಿನ ನೆಲಮಾಳಿಗೆಯಲ್ಲಿ ಹುಡುಕಿದರೆ ಮಾತ್ರ ಮಂಚೂರಿ ಸಿಗದು. ಮಂಚೂರಿಯಾದ ನಿಜವಾದ ಅಡುಗೆ, ಹುಳಿ ಬರಿಸಿದ ಎಲೆಕೋಸು ಮತ್ತು ಹಂದಿಮಾಂಸದ ಸಾರು, ಸಿಕ್ಕೀತು.

ಗೋಲ್ಡನ್ ಮಾಲ್ 2019ರಲ್ಲಿ ರಿಪೇರಿಗೆಂದು ಮುಚ್ಚಿತು. ಕೆಲವು ತಿಂಗಳ ಮಾತು ಎಂದಿದ್ದರು. ಅಷ್ಟರಲ್ಲಿ ಕೊರೋನಾ ಬಂತು. 2020ರ ಮಾರ್ಚ್ ಮಧ್ಯದಲ್ಲಿ ಇಡೀ ನಗರದ ಹೋಟೆಲುಗಳು ಬಾಗಿಲು ಹಾಕುವ ಮೊದಲೇ, ಜನವರಿ ಫೆಬ್ರವರಿಯಲ್ಲೇ, ಚೀನೀ ಮುಖ ಕಂಡರೆ ಹೆದರುವವರ ದೆಸೆಯಿಂದ ಫ್ಲಶಿಂಗ್ ಖಾಲಿ ಹೊಡೆಯುತ್ತಿತ್ತು. ಕೊನೆಗೆ ಮಾಲ್ ಮತ್ತೆ ತೆರೆದಾಗ ಗೋಡೆಗೆ ಹೊಸ ಬಣ್ಣ, ಅಂಗಡಿಗಳಿಗೆ ಹೊಸ ಫಲಕ. ಹಳೆಯ ಗೂಡುಗಳ ಬಹುಪಾಲು ಕುಟುಂಬಗಳು ಅಲ್ಲಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ನಗರಸಭೆ ಫ್ಲಶಿಂಗಿನ ನದಿದಡದ ದೊಡ್ಡ ಜಾಗದಲ್ಲಿ ಎತ್ತರದ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟಿತು. ಬಾಡಿಗೆ ಏರಿ ಬಡವರು ಹೊರಬೀಳುತ್ತಾರೆಂದು ಊರಿನ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದ್ದವು. ಟ್ಯಾಂಗ್ರಾಮ್ ಎಂಬ ಹೊಸ ಮಾಲ್ ಎದ್ದಿದೆ. ಚೀನಾದ ದೊಡ್ಡ ಸರಣಿ ಹೋಟೆಲುಗಳು, ಹೈದಿಲಾವ್‌ನಂಥವು, ನೇರವಾಗಿ ಬಂದು ಶಾಖೆ ತೆರೆದಿವೆ. ಮೊದಲು ವಲಸೆಗಾರನ ಜೊತೆ ಬರುತ್ತಿದ್ದ ಅಡುಗೆ ಈಗ ಬಂಡವಾಳದ ಜೊತೆ ಬರುತ್ತಿದೆ. ಅಡುಗೆ ಕೆಟ್ಟಿಲ್ಲ, ಎಷ್ಟೋ ಕಡೆ ಸುಧಾರಿಸಿದೆ. ಆದರೆ ಗಂಡ ಹೆಂಡತಿ ಇಬ್ಬರೇ ನಿಂತು ನಾಲ್ಕು ಪದಾರ್ಥ ಮಾರಿ ಬದುಕುವ ಗೂಡು ಈ ಬಾಡಿಗೆಯಲ್ಲಿ ಹುಟ್ಟುವುದು ಕಷ್ಟ.

ನ್ಯೂಯಾರ್ಕಿಗೆ ಮಗಳ ಮನೆಗೋ ಮಗನ ಮನೆಗೋ ಹೋಗುವ ಕನ್ನಡಿಗರಿಗೆ ಒಂದು ಮಾತು. ಫ್ಲಶಿಂಗಿಗೆ ಶನಿವಾರ ಭಾನುವಾರ ಬಿಟ್ಟು ವಾರದ ನಡುವೆ, ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ. ಸಣ್ಣ ಅಂಗಡಿಗಳಲ್ಲಿ ಕಾರ್ಡು ನಡೆಯದಿದ್ದರೂ ತೊಂದರೆಯಾಗದಂತೆ ನಗದು ಇಟ್ಟುಕೊಂಡಿರಿ. ಸಸ್ಯಾಹಾರಿಗಳು ತೋಫು ಎಂಬ ಹೆಸರು ನಂಬಬೇಡಿ. ಮಾಪೋ ತೋಫುವಿನಲ್ಲಿ ಕೊಚ್ಚಿದ ಮಾಂಸವಿರುತ್ತದೆ, ನೂಡಲ್ಲಿನ ಸಾರು ಮೂಳೆಯದು. ಲಿಯಾಂಗ್‌ಪಿ ಸಿಕ್ಕರೆ ಧೈರ್ಯವಾಗಿ ಕೇಳಿ, ಆದರೆ ಮಾಂಸ ಬೇಡವೆಂದು ಮೊದಲೇ ಹೇಳಿ. ಅದೂ ಒಗ್ಗದಿದ್ದರೆ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಅಲ್ಲಿ ದೋಸೆ ಹೊಯ್ಯುವ ಕ್ಯಾಂಟೀನೂ ನೆಲಮಾಳಿಗೆಯಲ್ಲೇ ಇದೆ.